ಏಳು ಬೈ ಐದರ ಬಚ್ಚಲು: ಒಂದು ಖರ್ಚಿನ ಪುಸ್ತಕ

ಖರ್ಚಿನ ಪುಸ್ತಕದ ಮೊದಲ ಪುಟದಲ್ಲಿ ನನ್ನ ಕೈಬರಹದಲ್ಲೇ ಇದೆ: ಒಟ್ಟು 1,10,000 ರೂಪಾಯಿ. ಇನ್ನು ಇದು ಬದಲಾಗುವುದಿಲ್ಲ ಅನ್ನುವ ಹಾಗೆ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ. ಅದೇ ಪುಸ್ತಕದ ಹದಿನೇಳನೇ ಪುಟದಲ್ಲಿರುವ ಮೊತ್ತ 1,60,755. ನಡುವಿನ ಹದಿನೈದು ಪುಟಗಳಲ್ಲಿ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ. ಮಹಡಿ ಮೇಲಿನ ಬಚ್ಚಲಿನ ಸರದಿ ಬಂದಾಗ ನನಗೇ ಬೇಕಾಗುತ್ತದೆ.

ಮನೆ ಮೈಸೂರಿನ ಕುವೆಂಪುನಗರದ್ದು, ಅಪ್ಪ 1987ರಲ್ಲಿ ಕಟ್ಟಿಸಿದ್ದು. ಕೆಳಗಿನ ಬಚ್ಚಲು 7 ಅಡಿ ಉದ್ದ, 5 ಅಡಿ ಅಗಲ. ನೆಲಕ್ಕೆ ಕಡಪ ಕಲ್ಲು, ಗೋಡೆಗೆ ನಾಲ್ಕಡಿ ಎತ್ತರದವರೆಗೆ ಪುಟ್ಟ ಬಿಳಿ ಟೈಲ್ಸು, ಇಂಡಿಯನ್ ಕಮೋಡು, ಮೂಲೆಯಲ್ಲಿ ಹಂಡೆ ಇಡುತ್ತಿದ್ದ ಕಟ್ಟೆ. ಗೀಸರ್ ಬಂದಮೇಲೆ ಹಂಡೆ ಅಟ್ಟ ಸೇರಿತು, ಕಟ್ಟೆ ಹಾಗೇ ಉಳಿಯಿತು. ಅಮ್ಮನಿಗೀಗ 74. ಕುಕ್ಕರಗಾಲಲ್ಲಿ ಕೂತರೆ ಏಳುವಾಗ ನಲ್ಲಿ ಹಿಡಿದುಕೊಂಡು ಏಳುತ್ತಾರೆ. ನಲ್ಲಿ ಇರುವುದು ಅದಕ್ಕಲ್ಲ. ಒಂದು ದಿನ ನಲ್ಲಿಯೇ ಕೈಗೆ ಬಂತು.

ಅದಕ್ಕೂ ಮೊದಲೇ ಇನ್ನೊಂದು ಸೂಚನೆ ಸಿಕ್ಕಿತ್ತು, ನಾನು ಗಮನಿಸಿರಲಿಲ್ಲ. ಬಚ್ಚಲಿನ ಗೋಡೆಯ ಆಚೆ ಮಗ್ಗುಲಲ್ಲಿ ಮಲಗುವ ಕೋಣೆಯ ಗೋಡೆ ಬೀರು ಇದೆ. ಅದರ ಕೆಳಗಿನ ಖಾನೆಯಲ್ಲಿಟ್ಟಿದ್ದ ಅಮ್ಮನ ಮೈಸೂರು ಸಿಲ್ಕ್ ಸೀರೆಗೆ ಬೂಷ್ಟು ಹಿಡಿದಿತ್ತು. ನಾವು ನುಸಿಗುಳಿಗೆ ಇಟ್ಟು ಸುಮ್ಮನಾಗಿದ್ದೆವು.

ಮೂರು ಜನರನ್ನು ಕರೆಸಿ ಅಂದಾಜು ಕೇಳಿದೆ. ಮೊದಲನೆಯವರು ಕಾಂಟ್ರ್ಯಾಕ್ಟರು. ಬಾಗಿಲಲ್ಲೇ ನಿಂತು ಒಳಗೊಮ್ಮೆ ನೋಡಿ, ವಾಟ್ಸ್ಯಾಪಿನಲ್ಲಿ ಒಂದು ಸಾಲು ಕಳಿಸಿದರು: ಕಂಪ್ಲೀಟ್ ಬಾತ್‌ರೂಮ್, 1,85,000. ಕಂಪ್ಲೀಟ್ ಅಂದರೆ ಏನೇನು ಅಂತ ಕೇಳಿದ್ದಕ್ಕೆ ‘ಎಲ್ಲಾ ಮೇಡಂ’ ಅಂತ ಉತ್ತರ. ಎರಡನೆಯವರು ಚದರ ಅಡಿಗೆ ಇಷ್ಟು ಅಂತ ಹೇಳಿದರು. ಬಚ್ಚಲಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ನೆಲ 35 ಚದರ ಅಡಿ, ಗೋಡೆ ಏಳಡಿ ಎತ್ತರಕ್ಕೆ ಹಿಡಿದರೆ 150. ನೆಲವನ್ನು ಅರ್ಧ ಮಾಡಿದರೂ ಕಮೋಡು ಒಂದೇ, ನೆಲದ ನೀರು ಇಳಿದುಹೋಗುವ ಟ್ರ್ಯಾಪು ಒಂದೇ, ಪ್ಲಂಬರಿನ ಕೂಲಿಯೂ ಹೆಚ್ಚುಕಮ್ಮಿ ಅಷ್ಟೇ. ಮೂರನೆಯವರು ವಯಸ್ಸಾದ ಗಾರೆ ಮೇಸ್ತ್ರಿ. ಒಳಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಸುತ್ತಿಗೆಯ ಹಿಡಿಯಿಂದ ನೆಲವನ್ನು ಒಂದೊಂದು ಕಡೆ ತಟ್ಟುತ್ತಾ ಬಂದರು. ಹಂಡೆ ಕಟ್ಟೆಯ ಹತ್ತಿರ ಸದ್ದು ಬೇರೆ ಬಂತು. ‘ಇಲ್ಲಿ ಕೆಳಗೆ ಟೊಳ್ಳೈತೆ ಮೇಡಂ. ಒಡುದ್ಮೇಲೆ ಹೇಳ್ತೀನಿ.’

ಕೂಲಿ ಅವರಿಗೆ, ಸಾಮಾನು ನಾನೇ ತರುವುದು ಅಂತ ಮಾತಾಯಿತು. ಟೊಳ್ಳಿಗೆ ಎಷ್ಟಾಗಬಹುದು ಅಂತ ನಾನು ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲವೇನೋ. ಆದರೆ ಪುಸ್ತಕದಲ್ಲಿ ‘ಟೊಳ್ಳು’ ಅಂತ ಒಂದು ಸಾಲನ್ನಾದರೂ ಬರೆದಿಡಬಹುದಿತ್ತು.

ಮೊದಲ ಪುಟದಲ್ಲಿ ಇದ್ದದ್ದು ಇಷ್ಟು: ಟೈಲ್ಸು ಮತ್ತು ಅಂಟಿಸುವ ಸಾಮಾನು 15,000. ಕಮೋಡು, ವಾಷ್‌ಬೇಸಿನ್ 14,000. ನಲ್ಲಿ, ಷವರ್ ವಗೈರೆ 15,000. ಪ್ಲಂಬಿಂಗ್ ಸಾಮಾನು, ಕೂಲಿ ಸೇರಿ 20,000. ಗಾರೆ ಮತ್ತು ಟೈಲ್ಸ್ ಕೂಲಿ 25,000. ಸಿಮೆಂಟು, ಮರಳು 8,000. ಬಾಗಿಲು 8,000. ಚಿಲ್ಲರೆ 5,000. ಒಂದೊಂದು ಸಾಲಿಗೂ ಎರಡೆರಡು ಅಂಗಡಿಯಲ್ಲಿ ವಿಚಾರಿಸಿಯೇ ಬರೆದದ್ದು. ಅಂದಾಜು ಗಟ್ಟಿಯಾಗಿದೆ ಅಂತಲೇ ನನ್ನ ಭಾವನೆ.

ನವೆಂಬರ್ ಒಂದರ ರಾಜ್ಯೋತ್ಸವ, ಭಾನುವಾರ ಎರಡೂ ಕಳೆದು 2025ರ ನವೆಂಬರ್ 3ರ ಸೋಮವಾರ ಕೆಲಸ ಶುರು. ಅಮ್ಮನನ್ನು ಮಂಡ್ಯದ ಅಕ್ಕನ ಮನೆಗೆ ಕಳಿಸಿದೆ. 18 ದಿನದಲ್ಲಿ ಮುಗಿಯುತ್ತದೆ ಅಂತ ಮೇಸ್ತ್ರಿ ಮಾತು ಕೊಟ್ಟರು. ‘ಧನುರ್ಮಾಸದೊಳಗೆ ನಾನು ನನ್ನ ಮನೇಲಿರಬೇಕು’ ಅಂತ ಅಮ್ಮ ಷರತ್ತು ಹಾಕಿ ಹೋದರು. ಡಿಸೆಂಬರ್ 16ಕ್ಕೆ ಧನುರ್ಮಾಸ. ಬೇಕಾದಷ್ಟು ದಿನ ಇದೆ ಅಂದುಕೊಂಡೆವು.

ಒಡೆಯಲು ಇಬ್ಬರು, ದಿನಕ್ಕೆ ತಲಾ 900, ಮೂರು ದಿನ. ಅಲ್ಲಿಗೆ 5,400. ಈ ಸಾಲು ನನ್ನ ಪುಟದಲ್ಲಿ ಇರಲಿಲ್ಲ. ಹೊಸದಾಗಿ ಕಟ್ಟುವುದರ ಬೆಲೆ ವಿಚಾರಿಸಿದ್ದೆ, ಹಳೆಯದನ್ನು ಕೀಳುವುದಕ್ಕೂ ಬೆಲೆ ಇದೆ ಅನ್ನುವುದು ತಲೆಗೇ ಬಂದಿರಲಿಲ್ಲ. ಕಿತ್ತದ್ದನ್ನು ಸಾಗಿಸುವುದಂತೂ ಸರಿಯೇ ಸರಿ. ಗೋಡೆಯ ಟೈಲ್ಸು ಮತ್ತು ಗಾರೆ ಒಂದೂವರೆ ಇಂಚು ದಪ್ಪ, 150 ಚದರ ಅಡಿ. ನೆಲ ಮುಕ್ಕಾಲು ಅಡಿ ಆಳ, 35 ಚದರ ಅಡಿ. ಗಟ್ಟಿಯಾಗಿದ್ದಾಗ ಎರಡೂ ಸೇರಿ 45 ಘನ ಅಡಿ. ಪುಡಿಯಾದ ಮೇಲೆ ನಡುನಡುವೆ ಗಾಳಿ ಸೇರಿಕೊಂಡು ಅದು ಒಂದೂವರೆ ಪಟ್ಟು ಉಬ್ಬುತ್ತದೆ, 70ರ ಹತ್ತಿರ. ಒಂದು ಟ್ರ್ಯಾಕ್ಟರ್ ಲೋಡು, 3,500. ರಿಂಗ್ ರೋಡಿನ ಪಕ್ಕ ಎಲ್ಲೋ ಸುರಿದು ಬರುತ್ತೇನೆ, 2,000 ಕೊಡಿ ಅಂದವರೂ ಇದ್ದರು. ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಗೊತ್ತು, ಅಲ್ಲಿ ಎಷ್ಟು ಮನೆಗಳ ಬಚ್ಚಲು ಬಿದ್ದಿವೆ ಅಂತ. ಬೇಡ ಅಂದೆ.

ಎರಡನೇ ದಿನ ಮಧ್ಯಾಹ್ನ ಮೇಸ್ತ್ರಿ ಕರೆದರು. ಬೀರುವಿನ ಹಿಂಬದಿಯ ಗೋಡೆಯಲ್ಲಿ ಟೈಲ್ಸು ಕಿತ್ತ ಜಾಗದ ಇಟ್ಟಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಮೆತ್ತಗಾಗಿತ್ತು. ಬೆರಳಲ್ಲಿ ಕೆದಕಿದರೆ ಉದುರುತ್ತಿತ್ತು. ಒಳಗಿದ್ದ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ಒಂದು ಎಲ್ಬೋ, ತಿರುವಿನ ತುಂಡು, ತುಕ್ಕು ಹಿಡಿದು ಸೂಜಿಯ ಮೊನೆಯಷ್ಟು ತೂತು. ಅದರಿಂದ ನೀರು ಚಿಮ್ಮುವುದೂ ಇಲ್ಲ, ತೊಟ್ಟಿಕ್ಕುವುದೂ ಇಲ್ಲ, ಸುಮ್ಮನೆ ಬೆವರುತ್ತದೆ. ಎಷ್ಟು ವರ್ಷದಿಂದ ಬೆವರುತ್ತಿತ್ತೋ, ಸೀರೆಗೇ ಗೊತ್ತು. ಒಂದು ಎಲ್ಬೋ ಹೀಗಾದಮೇಲೆ ಅದೇ ವಯಸ್ಸಿನ ಉಳಿದ ಪೈಪನ್ನು ನಂಬುವ ಹಾಗಿಲ್ಲ. ಮೇಲಿನ ಟ್ಯಾಂಕಿನಿಂದ ಬರುವ ಲೈನೂ ಸೇರಿ ಎಲ್ಲವನ್ನೂ ಬಿಸಿನೀರು ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸುವುದು ಅಂತಾಯಿತು. ಪ್ಲಂಬಿಂಗಿನ 20,000 ಆವತ್ತೇ 25,800 ಆಯಿತು: ಸಾಮಾನಿಗೆ 11,800, ಕೂಲಿ 14,000.

ಮೂರನೇ ದಿನ ನೆಲ. ಕಡಪ ಕಲ್ಲು ಎತ್ತಿದರೆ ಕೆಳಗೆ ನಾಲ್ಕು ಇಂಚು ಖಾಲಿ. ಮಣ್ಣು ಕುಸಿದಿತ್ತು, ಕಲ್ಲು ತನ್ನ ಬಲದಲ್ಲಿ ತಾನು ನಿಂತಿತ್ತು. ಮಣ್ಣು ಎಲ್ಲಿ ಹೋಯಿತು ಅಂತ ಕೊಳವೆಯ ಜಾಡು ಹಿಡಿದು ಹಿತ್ತಲಿಗೆ ಹೋದೆವು. ಕಮೋಡಿನಿಂದ ಚೇಂಬರಿನವರೆಗೆ, ಅಂದರೆ ಹಿತ್ತಲಲ್ಲಿ ಕೊಳಚೆ ನೀರು ಸೇರುವ ಗುಂಡಿಯವರೆಗೆ, ಹಾಕಿದ್ದು ಆ ಕಾಲದ ಸ್ಟೋನ್‌ವೇರ್ ಕೊಳವೆ, ಸುಟ್ಟ ಜೇಡಿಮಣ್ಣಿನದು, ಕಂದು ಬಣ್ಣದ ಹೊಳಪಿನದು. ಎರಡು ಕೊಳವೆ ಸೇರುವ ಕಡೆ ಸಿಮೆಂಟು ಬಿರುಕು ಬಿಟ್ಟು, ಅಮ್ಮನ ಸಂಪಿಗೆ ಮರ ಅದರೊಳಗೆ ಬೇರು ಇಳಿಸಿತ್ತು. ಹೊರಗೆಳೆದಾಗ ಬೇರು ಜಡೆಯ ಹಾಗೆ ಎರಡಡಿ ಉದ್ದ ಬಂತು. ಬೇರಿನ ಸಂದಿನಿಂದ ನೀರು ಹೊರಗೆ ಸೋರಿ, ಮಣ್ಣನ್ನು ಒಳಗೆಳೆದುಕೊಂಡು, ಚೇಂಬರಿನ ದಾರಿ ಹಿಡಿದಿತ್ತು. ಪ್ರತಿ ಮಳೆಗಾಲದಲ್ಲೂ ಚೇಂಬರ್ ಕಟ್ಟಿಕೊಂಡಾಗ ಯಾರನ್ನೋ ಕರೆಸಿ ಬಿದಿರ ದಬ್ಬೆ ಹಾಕಿಸುತ್ತಿದ್ದೆವಲ್ಲ, ಅದರ ಕಾರಣ ಇಲ್ಲಿತ್ತು.

ಆ ರಾತ್ರಿ ಮಾತ್ರ ನಿಜಕ್ಕೂ ನಾಚಿಕೆಯಾಯಿತು. ಅಪ್ಪ ಮನೆ ಕಟ್ಟಿಸುವಾಗ ಇಟ್ಟಿದ್ದ ನೋಟ್‌ಬುಕ್ಕು ನನ್ನ ಹತ್ತಿರವೇ ಇದೆ. ಅದರಲ್ಲಿ ಅಡಿಕೋಲಿಟ್ಟು ಎಳೆದ ಒಂದು ನಕ್ಷೆ; ಪಕ್ಕದಲ್ಲಿ ‘ಸ್ಟೋನ್‌ವೇರ್ 4 ಇಂಚು, 18 ಅಡಿ, ಚೇಂಬರ್ 2’ ಅಂತ ಬರೆದಿದ್ದಾರೆ. ಕೆಲಸ ಶುರುಮಾಡುವ ಮೊದಲು ಆ ಪುಟವನ್ನು ನೋಡಿದ್ದೆ, ಅಪ್ಪನ ಅಕ್ಷರ ಎಷ್ಟು ಚಂದ ಅಂದುಕೊಂಡು ಮುಚ್ಚಿಟ್ಟಿದ್ದೆ. 38 ವರ್ಷದ ಹಳೆಯ ಕೊಳವೆ ಕಣ್ಣ ಮುಂದೆ ಬರೆದಿಟ್ಟಿದ್ದರೂ ಅದು ನನ್ನ ಬಜೆಟ್ಟಿಗೆ ಬರಲಿಲ್ಲ. ಯಾಕೆಂದರೆ ನಾನು ಬಜೆಟ್ ಬರೆದದ್ದು ಅಂಗಡಿಗಳನ್ನು ಸುತ್ತಿ. ಅಂಗಡಿಯಲ್ಲಿ ಜೋಡಿಸಿಟ್ಟದ್ದೆಲ್ಲ ನನ್ನ ಪಟ್ಟಿಗೆ ಬಂತು, ಜೋಡಿಸಿಡದ್ದು ಬರಲಿಲ್ಲ.

ಆವತ್ತು ಪಟ್ಟಿಯನ್ನು ಹೊಸದಾಗಿ ಬರೆದೆ. ಈ ಸಲ ನೀರಿನ ಹಿಂದೆ ನಡೆದುಕೊಂಡು ಹೋದೆ. ನೀರು ಟ್ಯಾಂಕಿನಿಂದ ಹೊರಡುತ್ತದೆ: ಅಲ್ಲೊಂದು ವಾಲ್ವು, ಇಳಿಯುವ ಪೈಪು. ಗೋಡೆ ಹೊಕ್ಕುತ್ತದೆ: ಕೊರೆಯುವುದು, ಮುಚ್ಚುವುದು. ಗೀಸರಿಗೆ ಹೋಗುತ್ತದೆ: ವಿದ್ಯುತ್ತು ಬೇಕು, ವೈರು ಸರಿ ಇದೆಯೇ? ಮೈಮೇಲೆ ಬೀಳುತ್ತದೆ, ಗೋಡೆಗೆ ಎರಚುತ್ತದೆ, ನೆಲದಲ್ಲಿ ನಿಲ್ಲುತ್ತದೆ: ವಾಟರ್‌ಪ್ರೂಫಿಂಗ್, ಇಳಿಜಾರು. ಟ್ರ್ಯಾಪು, ಕೊಳವೆ, ಚೇಂಬರು, ರಸ್ತೆಯ ಮ್ಯಾನ್‌ಹೋಲು. ಪ್ರತಿ ನಿಲ್ದಾಣದಲ್ಲೂ ನಿಂತು ‘ಇಲ್ಲಿ ಏನು ಕೀಳಬೇಕು, ಏನು ಹಾಕಬೇಕು, ಯಾರು ಮಾಡುತ್ತಾರೆ’ ಅಂತ ಮೂರು ಪ್ರಶ್ನೆ. ಬೆಲೆಯ ಕಾಲಂ ಖಾಲಿ ಬಿಟ್ಟೆ. ಮೊದಲು ಸಾಲುಗಳು ಮುಗಿಯಲಿ ಅಂತ. ಹಳೆಯ ಪಟ್ಟಿಯಲ್ಲಿ 8 ಸಾಲು ಇದ್ದವು, ಹೊಸದರಲ್ಲಿ 14.

ಹಿತ್ತಲ ಕೊಳವೆಗೆ 110 ಮಿ.ಮೀ. ಪಿವಿಸಿ, ಹತ್ತತ್ತು ಅಡಿಯ ಎರಡು ಉದ್ದ, ಬೆಂಡು, ಚೇಂಬರಿನ ರಿಪೇರಿ ಸೇರಿ ಸಾಮಾನು 4,200, ಕೂಲಿ 5,000. ತೋಡಿದ ಮಣ್ಣು ಸಾಗಿಸಲು ಗೂಡ್ಸ್ ಆಟೋ 1,500. ನೆಲಕ್ಕೆ ಮಣ್ಣು ತುಂಬಿ, ನೀರು ಹಾಕಿ, ದಿಮ್ಮಸು ಹೊಡೆದು, ಮೇಲೆ ಜಲ್ಲಿ ಕಾಂಕ್ರೀಟು. ಸಿಮೆಂಟು 14 ಮೂಟೆ ಹೋಯಿತು, ಮೂಟೆಗೆ 400ರ ಹಾಗೆ 5,600. ಕಲ್ಲು ಪುಡಿಮಾಡಿ ತಯಾರಿಸುವ ಮರಳು ಎಂ-ಸ್ಯಾಂಡು, ಜಲ್ಲಿ 6,400. ಸಿಮೆಂಟಿನ ಮೇಲಿನ ಜಿಎಸ್‌ಟಿ ಸೆಪ್ಟೆಂಬರ್ 22ರಂದು ಶೇಕಡಾ 28ರಿಂದ 18ಕ್ಕೆ ಇಳಿದಿತ್ತು. ಅದರಿಂದ ನನಗೆ ಉಳಿದದ್ದು ಹೆಚ್ಚೆಂದರೆ 475 ರೂಪಾಯಿ. ಕೆಲಸದವರ ಕಾಫಿ, ಬನ್ನಿಗೆ ಸರಿಹೋಯಿತು. ಸಂಪಿಗೆ ಮರವನ್ನು ಕಡಿಯಲಿಲ್ಲ. ಕಡಿದಿದ್ದರೆ ಅಮ್ಮ ಮಂಡ್ಯದಿಂದ ವಾಪಸು ಬರುತ್ತಿರಲಿಲ್ಲ. ಪಿವಿಸಿ ಕೊಳವೆಯ ಜೋಡಣೆಗೆ ರಬ್ಬರ್ ರಿಂಗು ಇರುವುದರಿಂದ ಬೇರಿಗೆ ದಾರಿ ಸುಲಭವಲ್ಲ.

ಹನ್ನೊಂದನೇ ದಿನ ಒಂದು ತಪ್ಪು ಕೂದಲೆಳೆಯಲ್ಲಿ ತಪ್ಪಿತು. ಕಮೋಡನ್ನು ನಾನು ಮೊದಲೇ ಕೊಂಡಿದ್ದೆ, 11,500ಕ್ಕೆ. ಅದರ ಮಲದ ಕೊಳವೆಯ ನಡುಬಿಂದು ಗೋಡೆಯಿಂದ 9 ಇಂಚು ದೂರ ಇರಬೇಕು. ಪ್ಲಂಬರು ಟೇಪು ಹಿಡಿದು ಸರಿಯಾಗಿ 9 ಇಂಚಿಗೆ ಗುರುತು ಹಾಕಿದ್ದ. ಆದರೆ ಅವನು ಅಳೆದದ್ದು ಬರಿಯ ಇಟ್ಟಿಗೆಯಿಂದ. ಅದರ ಮೇಲೆ ಗಾರೆ ಮುಕ್ಕಾಲು ಇಂಚು, ಅಂಟು ಮತ್ತು ಟೈಲ್ಸು ಅರ್ಧ ಇಂಚು ಬರಬೇಕು. ಆಗ ಉಳಿಯುವುದು ಏಳೂಮುಕ್ಕಾಲು, ಕಮೋಡು ಕೂರುವುದೇ ಇಲ್ಲ. ಕಾಂಕ್ರೀಟು ಹಾಕುವ ಹಿಂದಿನ ಸಂಜೆ ಒಂದು ಟೈಲ್ಸು ಗೋಡೆಗೆ ಹಿಡಿದು ನೋಡುತ್ತಿದ್ದಾಗ ಹೊಳೆಯಿತು. ಕೊಳವೆಯನ್ನು ಸರಿಸಲು ಅರ್ಧ ದಿನ. ಮರುದಿನ ನೋಡಿದ್ದರೆ ಹಾಕಿದ ಕಾಂಕ್ರೀಟನ್ನು ಒಡೆಯಬೇಕಾಗುತ್ತಿತ್ತು. ಈಗ ಯಾರು ಕೇಳಿದರೂ ಹೇಳುತ್ತೇನೆ: ಕಮೋಡು ಮೊದಲೇ ತನ್ನಿ, ಆದರೆ ಅಳತೆ ಹೇಳುವಾಗ ‘ಮುಗಿದ ಗೋಡೆಯಿಂದ’ ಅನ್ನುವ ಎರಡು ಮಾತು ಸೇರಿಸಿ ಹೇಳಿ.

ಪೈಪು ಹಾಕಿದ ಮೇಲೆ, ಗೋಡೆ ಮುಚ್ಚುವ ಮೊದಲು, ಕೈಪಂಪು ಬಾಡಿಗೆಗೆ ತಂದು ಚದರ ಸೆಂ.ಮೀ.ಗೆ 7 ಕೆ.ಜಿ. ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಮುಳ್ಳು ಅಲ್ಲೇ ಇತ್ತು. ಬಾಡಿಗೆ 500 ಅನ್ನುವುದು ಪ್ಲಂಬರಿಗೆ ದಂಡ ಅನ್ನಿಸಿತು, ನನಗೆ ಅನ್ನಿಸಲಿಲ್ಲ. ಗೋಡೆಗೆ ಟೇಪು ಹಿಡಿದು ನಾಲ್ಕೂ ಕಡೆಯ ಫೋಟೊ ತೆಗೆದುಕೊಂಡೆ. ಮುಂದೆ ಮೊಳೆ ಹೊಡೆಯುವವರಿಗೆ ಪೈಪು ಎಲ್ಲಿದೆ ಅಂತ ಗೊತ್ತಾಗಬೇಕಲ್ಲ. ಅಪ್ಪನ ನಕ್ಷೆಯ ಪಕ್ಕ ಆ ಫೋಟೊಗಳ ಪ್ರಿಂಟು ಅಂಟಿಸಿದ್ದೇನೆ.

ವಿದ್ಯುತ್ತಿನ ಸಾಲು ನೀರಿನ ಹಿಂದೆ ನಡೆದಾಗಲೇ ಸಿಕ್ಕಿದ್ದು. ಗೀಸರ್ ಹಳೆಯದೇ ಸಾಕು, ಅದಕ್ಕೆ ಖರ್ಚಿಲ್ಲ ಅಂತ ನಾನು ನಿಶ್ಚಿಂತೆಯಿಂದಿದ್ದೆ. ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿ ಹಿಂಬದಿ ತೋರಿಸಿದ, ಪ್ಲಾಸ್ಟಿಕ್ಕು ಸುಟ್ಟು ಕಂದಾಗಿತ್ತು. 2,000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ಅದನ್ನು ದೀಪದ ಸರ್ಕ್ಯೂಟಿನ ಸಣ್ಣ ವೈರಿಗೇ ಜೋಡಿಸಿದ್ದರು. ಮೀಟರ್ ಬೋರ್ಡಿನಿಂದ 4 ಚದರ ಮಿ.ಮೀ. ತಂತಿಯ ಪ್ರತ್ಯೇಕ ಲೈನು, 16 ಆಂಪಿಯರಿನ ಎಂಸಿಬಿ ಮತ್ತು ಸಾಕೆಟ್ಟು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಎಕ್ಸಾಸ್ಟ್ ಫ್ಯಾನು, ಒಂದು ದೀಪ: ಎಲ್ಲ ಸೇರಿ 9,600. ವಿದ್ಯುತ್ತು ಮಿತಿ ಮೀರಿದರೆ ಎಂಸಿಬಿ ಕಡಿದು ತಂತಿಯನ್ನು ಕಾಯುತ್ತದೆ, ವಿದ್ಯುತ್ತು ಸೋರಿದರೆ ಕಡಿದು ಒದ್ದೆ ಮೈಯವರನ್ನು ಕಾಯುವುದು ಆರ್‌ಸಿಸಿಬಿ. ಇಡೀ ಪುಸ್ತಕದಲ್ಲಿ ನಾನು ಚೌಕಾಸಿ ಮಾಡದೆ ಕೊಟ್ಟದ್ದು ಇದೊಂದೇ. ಗೀಸರಿನ ಸರ್ವೀಸಿಗೆ, ಒಳಗಿನ ಸವೆದ ಆನೋಡ್ ಕಡ್ಡಿ ಬದಲಿಸಿ, 1,200.

ವಾಟರ್‌ಪ್ರೂಫಿಂಗಿನ ವಿಷಯದಲ್ಲಿ ಮೇಸ್ತ್ರಿಗೂ ನನಗೂ ಸ್ವಲ್ಪ ಜಟಾಪಟಿಯೇ ಆಯಿತು. ‘ಗಾರೆಗೆ ಒಂದು ಬಾಟ್ಲಿ ಲಿಕ್ವಿಡ್ ಕಲಸುದ್ರೆ ಆಯ್ತು, ನಾವು ಇಷ್ಟು ವರ್ಷ ಹಂಗೇ ಮಾಡಿರೋದು.’ ಆ ಇಷ್ಟು ವರ್ಷದ ಬಚ್ಚಲುಗಳನ್ನೇ ಈಗ ಒಡೆಯುತ್ತಿರುವುದು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಪುಡಿ ಮತ್ತು ದ್ರವ ಎರಡನ್ನು ಬೆರೆಸಿ ಬಳಿಯುವ ಪಾಲಿಮರ್ ಕೋಟಿಂಗು, 15 ಕೆ.ಜಿ.ಯ ಒಂದು ಸೆಟ್ಟು ತಂದೆ. ಗೋಡೆ, ನೆಲ ಸೇರುವ ಮೂಲೆಯನ್ನು ಮೊದಲು ಗಾರೆಯಿಂದ ದುಂಡಗೆ ಮಾಡಬೇಕು. ಚೂಪು ಮೂಲೆಯಲ್ಲಿ ಬಳಿದ ಪದರ ಮೊದಲು ಬಿರುಕು ಬಿಡುವುದು ಅಲ್ಲೇ. ಮೂಲೆಗೆ, ಟ್ರ್ಯಾಪಿನ ಸುತ್ತ ಫೈಬರ್ ಜಾಲರಿ. ಮೊದಲ ಕೈ ಉದ್ದಕ್ಕೆ, ಒಣಗಿದ ಮೇಲೆ ಎರಡನೇ ಕೈ ಅಡ್ಡಕ್ಕೆ. ನೆಲ ಪೂರ್ತಿ, ಗೋಡೆಗೆ ಮೂರಡಿ, ಷವರಿನ ಮೂಲೆಗೆ ಏಳಡಿ. ಸಾಮಾನು 4,900, ಕೂಲಿ 3,500.

ಆಮೇಲೆ ಟ್ರ್ಯಾಪಿನ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ಕು ತುರುಕಿ ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮರುದಿನ ಬೆಳಗ್ಗೆ ನೀರು ಗೆರೆಯಿಂದ ಅರ್ಧ ಇಂಚು ಕೆಳಗೆ. ‘ಬಿಸ್ಲಿಗೆ ಆರೈತೆ’ ಅಂದರು ಮೇಸ್ತ್ರಿ. ನವೆಂಬರಿನ ಮೋಡ, ಹೊರಗೆ ಜಿಟಿಜಿಟಿ ಮಳೆ. ಆ ಬಚ್ಚಲಿಗೆ ಬಿಸಿಲು ಬರುವುದು ಬೇಸಿಗೆಯಲ್ಲೂ ಇಲ್ಲ. ಪಕ್ಕದಲ್ಲಿ ಒಂದು ಬಕೆಟ್ಟಿನಲ್ಲಿ ನೀರಿಟ್ಟು ಅದಕ್ಕೂ ಗೆರೆ ಎಳೆದೆ. ಬಕೆಟ್ಟಿನ ನೀರು ಹೆಚ್ಚುಕಮ್ಮಿ ಗೆರೆಯಲ್ಲೇ ನಿಂತಿತು, ನೆಲದ ನೀರು ಇಳಿಯುತ್ತಲೇ ಹೋಯಿತು. ಅಲ್ಲಿಗೆ ವಾದ ಮುಗಿಯಿತು. ಟ್ರ್ಯಾಪಿನ ಕೊರಳ ಸುತ್ತ ಜಾಲರಿ ಸರಿಯಾಗಿ ಕೂತಿರಲಿಲ್ಲ. ಕೆರೆದು, ಮತ್ತೆ ಬಳಿದು, ಒಣಗಿಸಿ, 72 ಗಂಟೆ ನೀರು ನಿಲ್ಲಿಸಿದೆವು. ಈ ಸಲ ಬಕೆಟ್ಟೂ ನೆಲವೂ ಒಂದೇ ಹೇಳಿದವು. ಆರು ದಿನ ಹೋಯಿತು. ನೀರು ನಿಂತ ಮೇಲೆ ಕೊಡುತ್ತೇನೆ ಅಂತ ಮೊದಲೇ 8,000 ಹಿಡಿದಿಟ್ಟಿದ್ದೆ, ಅದನ್ನು ಆವತ್ತು ಕೊಟ್ಟೆ. ಅರ್ಧಕ್ಕರ್ಧ ಅಡ್ವಾನ್ಸ್ ಕೊಟ್ಟಿದ್ದರೆ ಆ ಆರು ದಿನ ಸಿಗುತ್ತಿರಲಿಲ್ಲ.

ಅಮ್ಮನ ಫೋನು ದಿನಾ ಸಂಜೆ ಏಳಕ್ಕೆ. ‘ಎಲ್ಲಿಗೆ ಬಂತು?’ ನೀರು ನಿಲ್ಲಿಸಿದ್ದೇವೆ ಅಂದರೆ, ‘ಬಚ್ಚಲಲ್ಲಿ ನೀರು ಹೋಗ್ಬೇಕು ಕಣೇ, ನಿಲ್ಲಿಸಿ ಏನ್ ಮಾಡ್ತೀಯ?’

ಇನ್ನು ಟೈಲ್ಸು. ಎಲ್ಲರೂ ಬಜೆಟ್ಟು ಶುರುಮಾಡುವುದು ಇಲ್ಲಿಂದ, ತಲೆಕೆಡಿಸಿಕೊಳ್ಳುವುದೂ ಇದಕ್ಕೇ. ಶೋರೂಮಿನಲ್ಲಿ ಚದರ ಅಡಿಗೆ 110ರ ಒಂದು ಟೈಲ್ಸಿನ ಮುಂದೆ ನಾನೂ ಇಪ್ಪತ್ತು ನಿಮಿಷ ನಿಂತಿದ್ದೆ, ತಿಳಿ ಹಸಿರು, ಎಲೆ ಎಲೆ ಚಿತ್ತಾರ. ಕೊನೆಗೆ ತಂದದ್ದು ಗುಜರಾತಿನ ಮೋರ್ಬಿಯಿಂದ ಬಂದ ಸಾದಾ ಬಿಳಿ, ಬಾಕ್ಸಿಗೆ 520, ಜಿಎಸ್‌ಟಿ ಸೇರಿ ಚದರ ಅಡಿಗೆ 54ರ ಆಸುಪಾಸು. ಎರಡಕ್ಕೂ ಇದ್ದ ವ್ಯತ್ಯಾಸ 9,800. ಹಿತ್ತಲ ಕೊಳವೆಯ ಇಡೀ ಖರ್ಚು 9,200. ಎಲೆ ಚಿತ್ತಾರ ಮಣ್ಣಿನೊಳಗೆ ಹೋಯಿತು ಅಂತ ಲೆಕ್ಕ.

ಬಾಕ್ಸಿನ ಎಣಿಕೆಯಲ್ಲಿ ಒಂದು ಸಣ್ಣ ಮೋಸ ಇದೆ, ಯಾರೂ ಬೇಕಂತ ಮಾಡುವುದಲ್ಲ. 300 ಬೈ 600 ಮಿ.ಮೀ. ಟೈಲ್ಸನ್ನು ಅಂಗಡಿಯಲ್ಲಿ ‘ಒಂದು ಬೈ ಎರಡಡಿ’ ಅನ್ನುತ್ತಾರೆ, ಐದರ ಬಾಕ್ಸಿಗೆ ಹತ್ತು ಚದರ ಅಡಿ ಅಂತ ಗುಣಿಸುತ್ತಾರೆ. ಅಡಿ ಅಂದರೆ 304.8 ಮಿ.ಮೀ. ಹಾಗಾಗಿ ಬಾಕ್ಸಿನಲ್ಲಿ ನಿಜಕ್ಕೂ ಇರುವುದು 9.69. ನನ್ನ 150 ಚದರ ಅಡಿಗೆ ವೇಸ್ಟೇಜು ಹತ್ತು ಪರ್ಸೆಂಟು ಸೇರಿಸಿ 165. ಅವರ ಲೆಕ್ಕಕ್ಕೆ 17 ಬಾಕ್ಸು, ನನ್ನ ಲೆಕ್ಕಕ್ಕೆ 18. ಒಂದೇ ಬಾಕ್ಸು ತಾನೇ ಅನ್ನಬಹುದು. ತಿಂಗಳು ಬಿಟ್ಟು ಹೋದರೆ ಅದೇ ಬ್ಯಾಚ್ ಸಿಗುವುದಿಲ್ಲ, ಬಿಳಿಯಲ್ಲೂ ಹತ್ತು ಬಿಳಿ ಇವೆ. ಬಾಕ್ಸಿನ ಮೇಲಿನ ಬ್ಯಾಚ್ ನಂಬರು, ಶೇಡು ಹದಿನೆಂಟಕ್ಕೂ ಒಂದೇ ಇದೆಯೇ ಅಂತ ಗೋಡೌನಿನಲ್ಲೇ ನೋಡಿ ಲೋಡು ಮಾಡಿಸಿದೆ. ಎಲ್ಲ ಮುಗಿದು 7 ಟೈಲ್ಸು ಉಳಿದಿವೆ, ಹಂಡೆಯ ಪಕ್ಕ ಅಟ್ಟದಲ್ಲಿ. ಗೋಡೆಗೆ 9,360, ನೆಲದ ಜಾರದ ಟೈಲ್ಸು 4 ಬಾಕ್ಸಿಗೆ 1,920.

ಅಂಟಿಸುವ ಕೂಲಿ ಚದರ ಅಡಿಗೆ 45, ಅಂದರೆ 185 ಚದರ ಅಡಿಗೆ 8,325. ಗಾರೆ, ನೆಲ, ಇಳಿಜಾರಿಗೆ ಗುತ್ತಿಗೆ 14,000. ಟೈಲ್ಸಿನ ಹುಡುಗರು ಬೆನ್ನಿಗೆ ನಾಲ್ಕು ಉಂಡೆ ಸಿಮೆಂಟು ಇಟ್ಟು ಗೋಡೆಗೆ ಒತ್ತುವವರು. ಉಂಡೆಗಳ ನಡುವೆ ಉಳಿಯುವ ಖಾಲಿಯೇ ಮುಂದೆ ನೀರಿನ ಗೂಡು. ಹಲ್ಲಿನ ಕರಣೆಯಿಂದ ಅಂಟನ್ನು ಪೂರ್ತಿ ಹರಡಿಸಿದೆ. ನಾಲ್ಕು ಮೂಟೆ ಅಂಟು ಸಾಕು ಅಂತ ಲೆಕ್ಕ ಹಾಕಿದ್ದೆ, ಒಂದು ಗೋಡೆ ತೂಗುಗುಂಡಿಗೆ ಸರಿಯಾಗಿ ನಿಲ್ಲದೆ ಆರು ಹಿಡಿಯಿತು: 2,700. ಟೈಲ್ಸಿನ ಸಂದಿಗೆ ತುಂಬುವ ಎಪಾಕ್ಸಿ ಗ್ರೌಟು 1,950. ಹೊಸ್ತಿಲಿಗೆ ಗ್ರಾನೈಟು 1,200, ಅದೂ ಅರ್ಧ ಇಂಚಿಗಿಂತ ಎತ್ತರ ಬೇಡ ಅಂತ, ಅಮ್ಮನ ಕಾಲಿಗಾಗಿ. ಏಳಡಿಗೆ ಒಂದು ಇಂಚು ಇಳಿಜಾರು. ಮೇಸ್ತ್ರಿ ತಮ್ಮ ಜೇಬಿನಿಂದ ಒಂದು ಗೋಲಿ ತೆಗೆದು ಬಾಗಿಲ ಬಳಿ ಬಿಟ್ಟರು. ಅದು ಯೋಚನೆ ಮಾಡುತ್ತಾ ಮಾಡುತ್ತಾ ಹೋಗಿ ಟ್ರ್ಯಾಪಿನ ಜಾಲರಿಯ ಮೇಲೆ ಟಿಣ್ ಅಂತ ನಿಂತಿತು. ಇಡೀ ಕೆಲಸದಲ್ಲಿ ಅವರು ನಕ್ಕದ್ದು ಆಗ.

ಉಳಿದದ್ದು ಬೇಗ ಮುಗಿಯಿತು. ನಲ್ಲಿ, ಷವರ್, ಹೆಲ್ತ್ ಫಾಸೆಟ್ 13,700. ಬೇಸಿನ್ 2,800. ಮರದ ಪುಡಿ, ಪ್ಲಾಸ್ಟಿಕ್ಕು ಬೆರೆಸಿ ಮಾಡಿದ, ನೀರು ಹಿಡಿಯದ ಡಬ್ಲ್ಯುಪಿಸಿ ಬಾಗಿಲು, ಚೌಕಟ್ಟು 9,800, ಹೊರಕ್ಕೆ ತೆರೆಯುವ ಹಾಗೆ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಸ್ಟೀಲಿನ ಹಿಡಿಕಂಬಿ ಎರಡು, ಕೂರಿಸುವುದು ಸೇರಿ 2,600. ಕಾಫಿ, ಆಟೋ, ಪಂಪಿನ ಬಾಡಿಗೆ, ಸಿಲಿಕೋನು ಎಲ್ಲ ಚಿಲ್ಲರೆ 4,300. ಗಾಜಿನ ಪಾರ್ಟಿಷನ್ನು, ಗೋಡೆಯೊಳಗೆ ಹುದುಗಿಸುವ ಫ್ಲಷ್ ಟ್ಯಾಂಕು ಎರಡನ್ನೂ ಕೈಬಿಟ್ಟೆ. ಮೊದಲನೆಯದಕ್ಕೆ ದುಡ್ಡಿರಲಿಲ್ಲ. ಎರಡನೆಯದು ದುಡ್ಡಿದ್ದರೂ ಬೇಡ. ಕೆಟ್ಟರೆ ಗೋಡೆ ನೋಡಿ ಅಳಬೇಕು.

ಡಿಸೆಂಬರ್ 10, ಬುಧವಾರ, 38ನೇ ದಿನ. ರಾತ್ರಿ ಕೂತು ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಹೆಚ್ಚಾದದ್ದು 50,755. ಸಾಮಾನಿನ ಬೆಲೆ ತಪ್ಪಾಗಿ ಹಿಡಿದಿದ್ದೆ ಅಂತಲೇ ನನ್ನ ಅನುಮಾನ. ಲೆಕ್ಕ ಬೇರೆಯೇ ಹೇಳಿತು. ಮೊದಲ ಪುಟದ ಎಂಟು ಸಾಲುಗಳಲ್ಲಿ ಪ್ಲಂಬಿಂಗಿಗೆ 5,800 ಜಾಸ್ತಿ, ಸಿಮೆಂಟಿಗೆ 4,000, ಟೈಲ್ಸಿಗೆ 2,130, ಬಾಗಿಲಿಗೆ 1,800, ಕಮೋಡು ಬೇಸಿನ್ನಿಗೆ 300. ನಲ್ಲಿಯಲ್ಲಿ 1,300, ಕೂಲಿಯಲ್ಲಿ 2,675, ಚಿಲ್ಲರೆಯಲ್ಲಿ 700 ಉಳಿತಾಯ. ಎಂಟೂ ಸೇರಿ ನಾನು ಎಡವಿದ್ದು ಬರೀ 9,355. ಒಡೆಯುವುದು ಸಾಗಿಸುವುದು, ಹಿತ್ತಲ ಕೊಳವೆ, ವಾಟರ್‌ಪ್ರೂಫಿಂಗ್, ವಿದ್ಯುತ್ತು, ಹಿಡಿಕಂಬಿ, ಗೀಸರ್ ಸರ್ವೀಸು, ಬರೆಯದೇ ಇದ್ದ ಈ ಆರು ಸಾಲುಗಳದ್ದು 41,400. ‘ಅನಿರೀಕ್ಷಿತಕ್ಕೆ ಹತ್ತು ಪರ್ಸೆಂಟು ಇಟ್ಟುಕೊಳ್ಳಿ’ ಅಂತ ಎಲ್ಲರೂ ಹೇಳುತ್ತಾರೆ. ಇಟ್ಟುಕೊಂಡಿದ್ದರೆ 11,000 ಆಗುತ್ತಿತ್ತು, ಎಂಟು ಸಾಲಿನ ತಪ್ಪಿಗೆ ಸರಿಹೋಗುತ್ತಿತ್ತು. ಆದರೆ ಆ ಆರರಲ್ಲಿ ಅನಿರೀಕ್ಷಿತ ಯಾವುದು? ಸುತ್ತಿಗೆಯ ಹಿಡಿ ಹೇಳಿತ್ತು, ಸೀರೆ ಹೇಳಿತ್ತು, ಅಪ್ಪನ ನೋಟ್‌ಬುಕ್ಕು ಹೇಳಿತ್ತು.

ಮೊದಲ ಕಾಂಟ್ರ್ಯಾಕ್ಟರಿನ 1,85,000 ಈಗ ಅಷ್ಟು ದುಬಾರಿ ಅನ್ನಿಸುವುದಿಲ್ಲ. ಅವರ ‘ಎಲ್ಲಾ ಮೇಡಂ’ನಲ್ಲಿ ಹಿತ್ತಲ ಕೊಳವೆ ಇತ್ತೋ ಇಲ್ಲವೋ, ಅದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ಅಮ್ಮ 12ರ ಶುಕ್ರವಾರ ಬಂದರು. ಬಚ್ಚಲ ಬಾಗಿಲಲ್ಲಿ ನಿಂತು ಸುತ್ತ ನೋಡಿ, ‘ಹಂಡೆ ಕಟ್ಟೆ ಎಲ್ಲಿ?’ ಅಂದರು. ಮೇಲೆ ಅಟ್ಟದಲ್ಲಿದ್ದ ಹಂಡೆಯನ್ನು ತಿರುಗಿ ಇಳಿಸುವ ಆಲೋಚನೆ ಇತ್ತೇನೋ. ಮಾರನೇ ದಿನ ನೋಡಿದರೆ ಹಿಡಿಕಂಬಿಯ ಮೇಲೆ ಒದ್ದೆ ಟವಲು ನೇತಾಡುತ್ತಿತ್ತು. ಕೈ ಹಿಡಿಯುವುದು ಹೊಸ ನಲ್ಲಿಯನ್ನೇ.

ಬೀರುವಿನ ಹಿಂದಿನ ಗೋಡೆ ಇನ್ನೂ ಒಣಗಿಲ್ಲ. ಕೋಣೆಯ ಕಡೆಯ ಗಾರೆಯನ್ನು ಮೂರಡಿಯವರೆಗೆ ಕೆತ್ತಿಸಿ ಹಾಗೇ ಬಿಟ್ಟಿದ್ದೇನೆ, ಇಟ್ಟಿಗೆ ಉಸಿರಾಡಲಿ ಅಂತ. ವಾರಕ್ಕೊಂದು ಸಲ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಟೇಪು ಹಾಕಿ ಅಂಟಿಸಿ, ಮರುದಿನ ಒಳಗೆ ಹನಿ ಕೂತಿದೆಯೇ ಅಂತ ನೋಡುತ್ತೇನೆ. ಇನ್ನೂ ಕೂರುತ್ತಿದೆ, ಮೊದಲಿಗಿಂತ ಕಡಿಮೆ. ಸೀರೆಗಳು ಟ್ರಂಕಿನಲ್ಲಿವೆ. ಗಾರೆ, ಪುಟ್ಟಿ, ಬಣ್ಣಕ್ಕೆ ಪೇಂಟಿನವರು 6,500 ಕೇಳಿದ್ದಾರೆ, ಯುಗಾದಿ ಕಳೆಯಲಿ ಅಂದಿದ್ದೇನೆ. ಆ 6,500 ಮೇಲಿನ ಮೊತ್ತದಲ್ಲಿ ಸೇರಿಲ್ಲ.